ಆಟಿಯಲ್ಲಿ ಕಳುಹಿಸಿದ ರಬ್ಬರ್ ಬಳೆಗಳು

ಯುದ್ಧವೆಂದರೆ ಗಡಿಯಲ್ಲಿ ನಡೆಯುವುದು, ನಮ್ಮಂಥವರಿಗೆ ತಲುಪುವುದು ಅದರ ವಾರ್ತೆ ಮಾತ್ರ ಎಂದು ನಾನು ಬಹಳ ಕಾಲ ನಂಬಿದ್ದೆ. ಅರವತ್ತೈದರ ಯುದ್ಧ ನಿಂತು, ರೇಡಿಯೋದಲ್ಲಿ ಅದರ ಸುದ್ದಿ ತೆಳುವಾದ ಮೇಲೆ, ಅದು ಕಡಬದ ನಮ್ಮ ಮನೆಯ ಜಗಲಿಗೆ ಬಂತು. ಬಂದದ್ದು ಒಂದು ಕಪ್ಪು ರಬ್ಬರ್ ಬಳೆಯಾಗಿ. ಹೆಬ್ಬೆರಳು ಬಿಗಿಯಾಗಿ ತೂರುವಷ್ಟು ಅದರ ಅಗಲ. ಹೊರಬದಿಯಲ್ಲಿ ಸುತ್ತಲೂ ಕಾಲುವೆಯಂಥ ಒಂದು ಸಪುರ ಗೆರೆ. ವಿಮಾನದೊಳಗೆ ತಂತಿಯೋ ಕೊಳವೆಯೋ ಲೋಹದ ತಗಡಿನ ತೂತಿನಲ್ಲಿ ಹಾದುಹೋಗುವ ಕಡೆ, ತಗಡಿನ ಅಂಚಿಗೆ ಉಜ್ಜಿ ಅದು ಹರಿಯದಿರಲೆಂದು ಇಂಥ ಬಳೆಯನ್ನು ಕೂರಿಸುತ್ತಾರೆ. ಅದಕ್ಕೆ ಬೇರೆ ಹೆಸರಿದೆ. ನಮ್ಮ ಮನೆಯಲ್ಲಿ ಅದು ಕೊನೆಯವರೆಗೂ ಬಳೆಯೇ ಆಗಿತ್ತು.

ಯುದ್ಧ ನಿಂತಿತ್ತು, ನಿರ್ಬಂಧ ನಿಂತಿರಲಿಲ್ಲ. ಹೊರದೇಶಗಳು ಯುದ್ಧದ ಸಾಮಗ್ರಿಯನ್ನು ನಮಗೂ ಎದುರಿನವರಿಗೂ ಕಳುಹಿಸುವುದಿಲ್ಲವೆಂದು ಸಾರಿದ್ದವು. ಯುದ್ಧದ ಸಾಮಗ್ರಿ ಎಂದಾಗ ನಾವು ಕೋವಿ, ಗುಂಡುಗಳನ್ನು ನೆನೆಯುತ್ತೇವೆ. ಹಾಗೆ ಸಾರಿದವರ ಎಣಿಕೆಯಲ್ಲಿ ವಿಮಾನದ ಚಕ್ರ, ಕೊಳವೆ, ತಿರುಪು, ಕಿಟಕಿಯಂಚಿನ ರಬ್ಬರು, ಕೊನೆಗೆ ಈ ಬಳೆ ಎಲ್ಲವೂ ಸೇರಿದ್ದವು. ವಿಮಾನಕ್ಕೆ ಸಂಬಂಧವೇ ಇಲ್ಲದ ಕೆಲವು ವಸ್ತುಗಳು ಬರುವುದೂ ಆ ಗಾಳಿಗೆ ಸಿಕ್ಕಿ ನಿಂತಿತು. ಪುತ್ತೂರಿನಲ್ಲಿ ಸವೆದ ಟಯರಿಗೆ ಹೊಸ ರಬ್ಬರು ಹೊದಿಸುವ ರೀಸೋಲ್ ಅಂಗಡಿಯಲ್ಲಿ ರಬ್ಬರನ್ನು ಬೇಗ ಬೇಯಿಸಲು ಬೆರೆಸುತ್ತಿದ್ದ ಹಳದಿ ಪುಡಿ ಸಿಗದೆ, ಒಂದು ಟಯರಿಗೆ ಬೇಕಾಗುತ್ತಿದ್ದ ಹೊತ್ತಿನಲ್ಲಿ ಅರ್ಧ ಟಯರು ಬೇಯುತ್ತಿತ್ತು. ಸವೆದ ಟಯರಿನ ಬಸ್ಸುಗಳು ಸುಳ್ಯದ ತಿರುವುಗಳಲ್ಲಿ ಉಸಿರು ಹಿಡಿದು ಇಳಿಯುತ್ತಿದ್ದವು.

ನನ್ನ ಅಣ್ಣ ಮೊದಲು ಕೆಲಸ ಕಲಿತದ್ದು ಆ ರೀಸೋಲ್ ಅಂಗಡಿಯಲ್ಲಿಯೇ. ಅದಕ್ಕೂ ಮೊದಲು, ಐವತ್ತರ ದಶಕದ ಆರಂಭದಲ್ಲಿ, ಅವನು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಬೇಕೆಂದು ಹೋಗಿದ್ದ; ಒಂದು ಕಿವಿ ಮಂದವೆಂದು ಹಿಂದಕ್ಕೆ ಕಳುಹಿಸಿದರು. ಆ ಕಿವಿಯ ವಿಷಯ ಅವನು ಎಂದೂ ಎತ್ತುತ್ತಿರಲಿಲ್ಲ. ಆದರೆ ಬಜ್ಪೆಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ, ಮಂಗಳೂರಿಗೆ ಯಾವ ಕೆಲಸಕ್ಕೆ ಹೋದರೂ ಅಲ್ಲಿಗೊಮ್ಮೆ ಹೋಗಿ ಬೇಲಿಯ ಹೊರಗೆ ನಿಂತು ಬರುತ್ತಿದ್ದ. ಅತ್ತಿಗೆ ಇದನ್ನು ಬಂದವರೆದುರಿಗೆಲ್ಲ ಹೇಳಿ ನಗಿಸುತ್ತಿದ್ದಳು.

“ಮದುವೆಯಾದವರು ಸುಬ್ರಹ್ಮಣ್ಯಕ್ಕೆ ಹೋಗುದು, ಧರ್ಮಸ್ಥಳಕ್ಕೆ ಹೋಗುದು. ನನ್ನನ್ನು ಇವರು ಕರೆದುಕೊಂಡು ಹೋದದ್ದು ಎಲ್ಲಿಗೆ ಗೊತ್ತುಂಟಾ? ಬಿಸಿಲಲ್ಲಿ ಬೇಲಿ ಹಿಡಿದು ನಿಲ್ಲಲಿಕ್ಕೆ! ವಿಮಾನ ಬಂತು, ಇವರು ಕೈ ಮುಗಿದರು. ನಾನೂ ಮುಗಿದೆ. ಎಂತ ಮಾಡುದು?”

“ಕೈ ಮುಗಿಯಲಿಲ್ಲ ಮಾರಾಯ್ತಿ, ಬಿಸಿಲಿಗೆ ಕಣ್ಣಿಗೆ ಅಡ್ಡ ಹಿಡಿದದ್ದು” ಎಂದು ಅಣ್ಣ ಪ್ರತಿ ಸಲವೂ ತಿದ್ದುತ್ತಿದ್ದ.

ಕಡಬದಲ್ಲಿ ರಸ್ತೆಗೆ ತಾಗಿದಂತೆ ಅವನದೇ ಒಂದು ಶೆಡ್ಡು ಇತ್ತು. ಅದರಲ್ಲಿ ಕೈಯಿಂದ ತಿರುಗಿಸುವ ಒಂದು ಸ್ಕ್ರೂ ಪ್ರೆಸ್ಸು, ಕೆಳಗೆ ತೆಂಗಿನ ಗೆರಟೆಯ ಕೆಂಡ, ಒಂದಷ್ಟು ಕಬ್ಬಿಣದ ಅಚ್ಚುಗಳು. ಸೈಕಲ್ ಬ್ರೇಕಿನ ಕಟ್ಟೆ, ಪಂಪಿನ ವಾಷರು, ಊರುಗೋಲಿನ ತುದಿಯ ಟೊಪ್ಪಿ, ಇಂಥವನ್ನು ಮಾಡುತ್ತಿದ್ದ. ರಬ್ಬರ್ ಹಾಲು ಹೆಪ್ಪುಗಟ್ಟಿಸಿ ಒಣಗಿಸಿದ ಶೀಟನ್ನು ಪುತ್ತೂರಿಗೆ ಒಯ್ದು, ಹಳೆಯ ಧಣಿಯ ಅಂಗಡಿಯ ರೋಲರಿನಲ್ಲಿ ಗಂಧಕವನ್ನೂ ಕಾಡಿಗೆಯನ್ನೂ ಬೆರೆಸಿ ಅರೆದು, ಮಿಶ್ರಣವನ್ನು ಬಸ್ಸಿನಲ್ಲಿ ಹೇರಿಕೊಂಡು ಬರುವುದು; ಇಲ್ಲಿ ಅಚ್ಚಿಗೆ ಹಾಕಿ ಬೇಯಿಸುವುದು. ನಾನು ಪಂಜದ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ವಾರದ ಕೊನೆಗೆ ಮನೆಗೆ ಬಂದರೆ ಶೆಡ್ಡಿನ ಬೆಂಚಿನಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುವುದು ನನ್ನ ರೂಢಿ.

ಬೆಂಗಳೂರಿನ ಕಡೆಯ ಒಂದು ವಿಮಾನ ಕಾರ್ಖಾನೆಯವರು, ಹೊರಗಿನ ಮಾಲು ನಿಂತದ್ದರಿಂದ, ಸಣ್ಣಪುಟ್ಟ ಭಾಗಗಳನ್ನು ನಮ್ಮವರಿಂದಲೇ ಮಾಡಿಸಲು ಊರೂರು ಹುಡುಕುತ್ತಿದ್ದಾರೆಂಬ ಸುದ್ದಿ ಅಣ್ಣನಿಗೆ ಪುತ್ತೂರಿನಲ್ಲಿ ಸಿಕ್ಕಿತು. ಅವನು ಒಂದು ಹಳೆಯ ಬಳೆಯನ್ನು ತರಿಸಿಕೊಂಡು, ಅಳತೆ ತೆಗೆದು, ಅಚ್ಚು ಕೊರೆಯಿಸಿ, ಮಾದರಿ ಮಾಡಿ ಕಳುಹಿಸಿದ. ಬೇಸಗೆಯಲ್ಲಿ ಒಬ್ಬರು ಅಧಿಕಾರಿ ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು, ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಶೆಡ್ಡನ್ನು ನೋಡಿದಾಗ ಅವರ ಮುಖ ಸಣ್ಣದಾಯಿತು. ಅಣ್ಣ ಕೈಯಾರೆ ಅಚ್ಚಿನಿಂದ ಬಳೆ ತೆಗೆದು ತೋರಿಸಿದ ಮೇಲೆ ಬೆಂಚಿನಲ್ಲಿ ನನ್ನ ಪಕ್ಕ ಕುಳಿತರು.

“ನೋಡಿ, ಅಷ್ಟು ದೊಡ್ಡ ವಿಮಾನ. ರೆಕ್ಕೆ ಇದೆ, ಎಂಜಿನ್ ಇದೆ, ಹಾರಿಸೋರು ಕಾದುಕೊಂಡಿದ್ದಾರೆ. ಈ ಬಳೆ ಇಲ್ಲ ಅಂತ ಶೆಡ್ಡಿನಲ್ಲಿ ನಿಂತಿದೆ. ನಿಮ್ಮ ಮಾದರಿ ಪರೀಕ್ಷೆಯಲ್ಲಿ ಪಾಸಾಗಿದೆ. ಮೊದಲನೇ ಕಂತು ಸರಿಯಾಗಿ ಬಂದರೆ ಮುಂದಿನದೂ ನಿಮಗೇ. ಆದರೆ ಮಾದರಿ ಹೇಗಿತ್ತೋ ಹಾಗೇ ಇರಬೇಕು. ಬೇರೆ ಏನೂ ಸೇರಿಸಬಾರದು.”

“ಎಂತದೂ ಸೇರಿಸುದಿಲ್ಲ” ಎಂದ ಅಣ್ಣ.

“ಡಬ್ಬಿಗೆ ತುಂಬೋ ಮೊದಲು ಬಿಳಿ ಪುಡಿ ಹೊಡೀಬೇಕು. ಒಂದಕ್ಕೊಂದು ಅಂಟಬಾರದು, ನೋಡಿ.”

ಅವರು ಹೋದ ಮೇಲೆ ಅಣ್ಣ ಬಹಳ ಹೊತ್ತು ಪ್ರೆಸ್ಸಿನ ಹಿಡಿಯನ್ನು ಸುಮ್ಮನೆ ಒರೆಸುತ್ತಿದ್ದ. ನಾನು ಕೆಂಪು ಶಾಯಿಯ ಪೆನ್ನನ್ನು ಮುಚ್ಚಿ ಕೇಳಿದೆ, “ಸಂತೋಷ ಆಯಿತಾ?” ಅವನು ನನ್ನತ್ತ ತಿರುಗಲಿಲ್ಲ. “ನನ್ನನ್ನು ಬೇಡ ಅಂದರು. ನಾನು ಮಾಡಿದ್ದು ಬೇಕು ಅಂತ ಬಂದರಲ್ಲ, ಅಷ್ಟು ಸಾಕು. ಅದು ಮೇಲೆ ಹೋಗ್ಲಿ” ಎಂದ. ಕಿವಿಯ ವಿಷಯಕ್ಕೆ ಅಷ್ಟು ಹತ್ತಿರ ಅವನು ಬಂದದ್ದು ಅದೊಂದೇ ಸಲ.

ಶೀಟು ಕೊಡುತ್ತಿದ್ದವರು ಕಡಬದ ಪೇಟೆಯ ಬ್ಯಾರಿ ವ್ಯಾಪಾರಿಯೊಬ್ಬರು. ವಯಸ್ಸಾದವರು, ಎಲ್ಲರೂ ಅವರನ್ನು ಸಾಹುಕಾರ್ರು ಎಂದೇ ಕರೆಯುತ್ತಿದ್ದರು. ಸುದ್ದಿ ತಿಳಿದು ತಾವೇ ಶೀಟಿನ ಕಟ್ಟು ಹೊರಿಸಿಕೊಂಡು ಬಂದರು.

“ಎಂತ ಇಂಜಿನಿಯರ್ರೆ, ವಿಮಾನಕ್ಕೆ ಬಳೆ ತೊಡಿಸುದಂತೆ? ಮದುವೆ ಯಾವಾಗ?”

“ಮೊದಲ ಕರೆ ನಿಮಗೇ ಸಾಹುಕಾರ್ರೆ. ಆದರೆ ಶೀಟಿಗೆ ಹೊಗೆ ಸರಿ ತಾಗಿರಬೇಕು. ಹಸಿ ಇದ್ದದ್ದು ಬೇಡ.”

“ಇಷ್ಟು ದಿವಸ ನನ್ನ ಶೀಟು ಚಪ್ಪಲಿ ಆಗಿ ಕೆಸರು ತುಳಿದದ್ದು ಮಾರಾಯ್ರೆ. ಇನ್ನು ಮೋಡ ತುಳಿಯುದಾ!” ಅವರು ನಗುತ್ತ ಕಟ್ಟನ್ನು ಬಿಚ್ಚಿ, ಒಂದೊಂದೇ ಶೀಟನ್ನು ಬೆಳಕಿಗೆ ಹಿಡಿದು, ಕಪ್ಪು ಚುಕ್ಕೆಯಿದ್ದವನ್ನು ತಾವೇ ಬದಿಗಿಟ್ಟರು. ನಮ್ಮ ತೋಟಗಳ ಹಾಲು ನಮ್ಮ ಪೇಟೆಯಲ್ಲಿ ಶೀಟಾಗಿ ಲಾರಿಗಟ್ಟಲೆ ಹೊರಗೆ ಹೋಗುತ್ತಿತ್ತು. ಬೆರಳಗಲದ ಒಂದು ಬಳೆಗಾಗಿ ಇಡೀ ದೇಶ ಹೊರಗಿನವರ ಬಾಗಿಲು ಕಾಯುತ್ತಿತ್ತು. ಅಂದಿನವರೆಗೆ ಈ ಎರಡನ್ನೂ ನಾನು ಒಟ್ಟಿಗೆ ಯೋಚಿಸಿರಲಿಲ್ಲ.

ಹಳದಿ ಪುಡಿಯಿಲ್ಲದೆ ಬಳೆ ಬೇಯುವುದು ನಿಧಾನ. ಅಣ್ಣ ಕೆಂಡದ ಮುಂದೆ ಕುಳಿತೇ ಊಟ ಮಾಡುತ್ತಿದ್ದ. ಅತ್ತಿಗೆ ಬಳೆಗಳ ಅಂಚಿನ ಹೆಚ್ಚುವರಿ ಎಳೆಗಳನ್ನು ಕತ್ತರಿಯಿಂದ ಬಿಡಿಸುತ್ತಿದ್ದಳು. ಮಲ್ಲಿಗೆಯ ತೊಟ್ಟು ಬಿಡಿಸುವವಳ ಹಾಗೆ ಅವಳ ಕೈ ಓಡುತ್ತಿತ್ತು. ಬೇಸಗೆ ಕಳೆದು ಮಳೆ ಹಿಡಿಯಿತು. ಕಂತು ಮುಗಿಯುವ ಹೊತ್ತಿಗೆ ಆಟಿ ತಿಂಗಳು ಬಂದಿತ್ತು. ಆಟಿಯಲ್ಲಿ ನಮ್ಮ ಕಡೆ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಒಳ್ಳೆಯದೆಲ್ಲ ಮುಂದಿನ ಸೋಣ ತಿಂಗಳು ಹುಟ್ಟಿದ ಮೇಲೆ.

“ಸೋಣ ಬರಲಿ, ಮತ್ತೆ ಕಳಿಸುವ. ಮೊದಲನೇ ಮಾಲು, ಆಟಿಯಲ್ಲಿ ಹೊರಡಿಸುದಾ?” ಎಂದಳು ಅತ್ತಿಗೆ.

“ಯುದ್ಧದವರಿಗೆ ಆಟಿ ಉಂಟಾ ಮಾರಾಯ್ತಿ? ಅವರು ಹೇಳಿದ ವಾಯಿದೆಗೆ ಸೋಣ ಗೊತ್ತಿಲ್ಲ.”

ಬಿಳಿ ಪುಡಿ ತರಲು ಅಣ್ಣ ಪುತ್ತೂರಿಗೆ ಹೋದ. ಅಂದು ಸುರಿದ ಮಳೆಗೆ ಹೊಳೆಯ ತಗ್ಗು ಸೇತುವೆ ನೀರಿನಡಿಗೆ ಹೋಯಿತು; ಬಸ್ಸು ನಿಂತಿತು. ಅಣ್ಣ ಆಚೆ ದಡದಲ್ಲಿ, ನಾನು ಪಂಜದಲ್ಲಿ, ಮನೆಯಲ್ಲಿ ಅತ್ತಿಗೆಯೊಬ್ಬಳೇ. ನೀರು ಇಳಿಯಲು ಹಲವು ದಿನ ಹಿಡಿಯಿತು. ಆಟಿಯ ತೇವ ಎಂಥದೆಂದು ಘಟ್ಟದ ಮೇಲಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮರದ ಪೆಟ್ಟಿಗೆ, ಚರ್ಮದ ಚಪ್ಪಲಿ, ಕತ್ತಿಯ ಹಿಡಿ, ಪುಸ್ತಕದ ಬೆನ್ನು, ಎಲ್ಲದರ ಮೇಲೂ ಬಿಳಿಯ ಬೂಷ್ಟು ಏಳುತ್ತದೆ. ಅದಕ್ಕೆ ಪ್ರತಿ ಮನೆಯಲ್ಲೂ ಒಂದೇ ಮದ್ದು: ತೆಂಗಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಇಡುವುದು. ಆಟಿಗೆ ಮೊದಲೇ ಕತ್ತಿಗೆ, ಚಪ್ಪಲಿಗೆ, ತೊಟ್ಟಿಲ ಮರಕ್ಕೆ ಎಣ್ಣೆ ಹಚ್ಚದವಳು ಮನೆ ನಡೆಸಲು ಬಾರದವಳೆಂದೇ ಲೆಕ್ಕ.

ನೀರು ಇಳಿದು ಅಣ್ಣ ಬಂದಾಗ ಮಾಲು ಒಯ್ಯುವ ಲಾರಿಯೂ ಜೊತೆಗೇ ಬಂದಿತ್ತು; ಇನ್ನೊಂದು ಮಳೆ ಬಿದ್ದರೆ ಮತ್ತೆ ದಾರಿ ಮುಚ್ಚೀತೆಂದು ಚಾಲಕನಿಗೆ ಅವಸರ. ಅಣ್ಣ ಪುಡಿಯ ಕಟ್ಟನ್ನು ಹಿಡಿದುಕೊಂಡೇ ಶೆಡ್ಡಿಗೆ ಓಡಿದ. ಡಬ್ಬಿಗಳೆಲ್ಲ ತುಂಬಿ, ಮುಚ್ಚಿ, ಬಾಯಿಗೆ ಮೇಣ ಹಾಕಿ ಸಾಲಾಗಿ ಇದ್ದವು. ಅಂದು ಶನಿವಾರವಾಗಿದ್ದರಿಂದ ನಾನೂ ಅಲ್ಲಿದ್ದೆ.

“ಬೂಷ್ಟು ಏಳಲಿಕ್ಕೆ ಶುರು ಆಗಿತ್ತು. ಎಲ್ಲ ತೆಗೆದು, ಚಂದ ಮಾಡಿ ತುಂಬಿಸಿದ್ದೇನೆ. ಒಂದರಲ್ಲೂ ಇಲ್ಲ ಈಗ” ಎಂದಳು ಅತ್ತಿಗೆ. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅಣ್ಣ ಡಬ್ಬಿಗಳನ್ನು ನೋಡಿದ, ಲಾರಿಯನ್ನು ನೋಡಿದ, ಕೈಯಲ್ಲಿದ್ದ ಪುಡಿಯ ಕಟ್ಟನ್ನು ಬೆಂಚಿನ ಮೇಲಿಟ್ಟ. “ನೀನಿಲ್ಲದಿದ್ದರೆ ಇವತ್ತು ಹೋಗ್ತಿರಲಿಲ್ಲ” ಎಂದ. ಹೆಂಡತಿಯನ್ನು ಎದುರಿಗೇ ಹೊಗಳುವ ಪದ್ಧತಿ ನಮ್ಮಲ್ಲಿ ಇಲ್ಲ. ಅವಳು ನಾಚಿ ಒಳಗೆ ಹೋದಳು. ಡಬ್ಬಿಗಳನ್ನು ಲಾರಿಗೆ ಏರಿಸಲು ನಾನೂ ಕೈ ಕೊಟ್ಟೆ.

ಸೋಣ ಕಳೆಯುವ ಹೊತ್ತಿಗೆ ಅದೇ ಅಧಿಕಾರಿ ಬಂದರು. ಕೈಯಲ್ಲಿ ನಮ್ಮದೇ ಒಂದು ಡಬ್ಬಿ. ಅವರು ಅದನ್ನು ಬೆಂಚಿನ ಮೇಲಿಟ್ಟು ಮುಚ್ಚಳ ತೆಗೆದರು. ಬಳೆಗಳು ಊದಿಕೊಂಡು, ಒಂದಕ್ಕೊಂದು ಅಂಟಿ, ಒಂದೇ ಮುದ್ದೆಯಾಗಿದ್ದವು. ಅಧಿಕಾರಿ ಒಂದನ್ನು ಎಳೆದು ಬಿಡಿಸಿದರು, ಹೆಬ್ಬೆರಳಿಗೆ ಹಾಕಿದರು, ಅದು ಸಡಿಲವಾಗಿ ಜೋತುಬಿತ್ತು.

“ತಗಡಿನಲ್ಲಿ ಇದು ಕೂತುಕೊಳ್ಳೋದೇ ಇಲ್ಲ. ಕೂರಿಸಿದ್ದು ಜಾರಿ ಬಂತು. ಮಾದರಿ ಹೀಗಿರಲಿಲ್ಲ. ಏನು ಮಾಡಿದ್ರಿ?” ಅವರು ಅದನ್ನು ಮೂಗಿಗೆ ಹಿಡಿದರು. ಹುಬ್ಬು ಗಂಟಾಯಿತು. “ಇದೇನ್ರೀ ಇದು, ಕೊಬ್ಬರಿ ಎಣ್ಣೆ?”

ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಆ ಪ್ರಶ್ನೆಯನ್ನು ಕೇಳಿಸಿಕೊಂಡಳು. ಅದು ಬೈಗುಳವೆಂದು ಅವಳಿಗೆ ಹೊಳೆಯಲಿಲ್ಲ. ಬೂಷ್ಟಿಗೆ ತಾನು ಕಂಡುಕೊಂಡ ಉಪಾಯವನ್ನು ಯಾರೋ ಗುರುತಿಸಿದರೆಂಬಂತೆ ಅವಳ ಬಾಯಿ ತೆರೆಯಿತು. “ಹೌದು, ಅದು…”

“ನಾನೇ ಹಚ್ಚಿದ್ದು” ಎಂದ ಅಣ್ಣ. ಅವನ ಧ್ವನಿ ಎಂದಿಗಿಂತ ದೊಡ್ಡದಾಗಿತ್ತು. ಆಮೇಲೆ ತಿರುಗದೆಯೇ, “ನೀನು ಕಾಫಿ ಇಟ್ಟು ಒಳಗೆ ಹೋಗು” ಎಂದ.

ಅತ್ತಿಗೆ ಲೋಟಗಳನ್ನು ಇಟ್ಟಳು. ಒಳಗೆ ಹೋಗಲಿಲ್ಲ.

ಅಧಿಕಾರಿ ಬಳೆಯನ್ನು ಡಬ್ಬಿಗೆ ಹಾಕಿದರು. ಅವರ ಮಾತಿನಲ್ಲಿ ಕೋಪಕ್ಕಿಂತ ಬೇಸರವೇ ಹೆಚ್ಚಿತ್ತು. “ನೀವು ಇಷ್ಟು ವರ್ಷ ರಬ್ಬರಿನಲ್ಲಿ ಕೆಲಸ ಮಾಡಿದೋರು. ರಬ್ಬರು ಎಣ್ಣೆ ಕುಡಿದರೆ ಊದುತ್ತೆ ಅಂತ ಗೊತ್ತಿರಲಿಲ್ವಾ?”

ಆ ಪ್ರಶ್ನೆಯಲ್ಲಿ ಅವರು ಅಣ್ಣನಿಗೆ ಒಂದು ದಾರಿ ಬಿಟ್ಟುಕೊಟ್ಟಿದ್ದರು. ಗೊತ್ತಿರಲಿಲ್ಲ ಎಂದಿದ್ದರೆ, ಇನ್ನು ಮುಂದೆ ಹೀಗಾಗಬಾರದು ಎಂದು ಎಚ್ಚರಿಸಿ ಇನ್ನೊಂದು ಕಂತಿಗೆ ಹೇಳುತ್ತಿದ್ದರೋ ಏನೋ. ಮನೆಯವರು ತಿಳಿಯದೆ ಮಾಡಿದರು ಎಂದಿದ್ದರಂತೂ ಖಂಡಿತ ನಕ್ಕು ಬಿಡುತ್ತಿದ್ದರು. ಅವರ ಮನೆಯಲ್ಲೂ ಒಬ್ಬ ತಾಯಿ ಇದ್ದಿರಲೇಬೇಕು. ಆದರೆ ಗೊತ್ತಿರಲಿಲ್ಲವೆಂದು ಹೇಳಲು ಅಣ್ಣನ ಕಸುಬು ಬಿಡಲಿಲ್ಲ. ಗೊತ್ತಿಲ್ಲದವಳು ಯಾರೆಂದು ಹೇಳಲು ಬಾಗಿಲಲ್ಲಿ ನಿಂತವಳು ಬಿಡಲಿಲ್ಲ.

“ಗೊತ್ತುಂಟು” ಎಂದ.

“ಗೊತ್ತಿದ್ದೂ ಹಚ್ಚಿದ್ರಾ?”

“ಹೌದು.”

ಅಧಿಕಾರಿ ಎದ್ದು ನಿಂತರು. “ಹಾಗಾದರೆ ನಾನು ಏನು ಹೇಳಲಿ? ಗೊತ್ತಿಲ್ಲದೆ ಮಾಡಿದೋರಿಗೆ ಕಲಿಸಬಹುದು. ಗೊತ್ತಿದ್ದೂ ಮಾಡಿದೋರ ಬಳೆಯನ್ನು ನಂಬಿ ಒಬ್ಬ ಮನುಷ್ಯನನ್ನು ಹೇಗ್ರೀ ಮೇಲಕ್ಕೆ ಕಳಿಸೋದು?” ಅವರು ಕಾಫಿ ಕುಡಿಯಲಿಲ್ಲ. ಜೀಪು ಹೊರಡುವ ಮೊದಲು ನನ್ನನ್ನು ಕರೆದು, “ಮೇಷ್ಟ್ರೇ, ಒಳ್ಳೇ ಕೆಲಸಗಾರ ರೀ ನಿಮ್ಮಣ್ಣ. ಯಾಕೆ ಹೀಗೆ ಮಾಡಿದರು?” ಎಂದರು. ನಾನು ತಿಳಿಯದೆಂದೆ. ಅಣ್ಣನ ಕಣ್ಣು ನನ್ನ ಮೇಲೆಯೇ ಇತ್ತು. ಬೇರೆ ಉತ್ತರಕ್ಕೆ ಅದು ಎಡೆಗೊಡಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಬಳೆಯ ಮಾತು ನಿಂತಿತು. ಅಣ್ಣ ಬ್ರೇಕಿನ ಕಟ್ಟೆಗಳಿಗೂ ವಾಷರುಗಳಿಗೂ ಮರಳಿದ. ಸಾಹುಕಾರ್ರು ಒಮ್ಮೆ ಬಂದು, “ಹೋಗ್ಲಿ ಇಂಜಿನಿಯರ್ರೆ, ಕೆಸರು ತುಳಿಯುದಕ್ಕೂ ಚಪ್ಪಲಿ ಬೇಕಲ್ಲ” ಎಂದರು. ಅವರು ಸಮಾಧಾನಕ್ಕೆಂದೇ ಅಂದದ್ದು. ಅಣ್ಣ ನಗಲಿಲ್ಲ, ಅವರು ಮತ್ತೆಂದೂ ಅವನನ್ನು ಇಂಜಿನಿಯರ್ರೆ ಎಂದು ಕರೆಯಲಿಲ್ಲ. ಹಳದಿ ಪುಡಿಯಿಲ್ಲದೆ ಒಂದೊಂದೇ ವಾಷರು ಬೇಯಿಸಿ ಕೊಡುವ ಹೊತ್ತಿಗೆ, ಗಿರಾಕಿಗಳು ದೊಡ್ಡ ಪೇಟೆಯ ಮಾಲು ಹಿಡಿದಿದ್ದರು. ಶೆಡ್ಡು ಉಳಿಯಲಿಲ್ಲ. ಪ್ರೆಸ್ಸನ್ನು ಸುಳ್ಯದ ಒಬ್ಬರು ಕೊಂಡುಹೋದರು. ಅಣ್ಣ ಪುತ್ತೂರಿನ ರೀಸೋಲ್ ಅಂಗಡಿಗೆ, ತಾನು ಕೆಲಸ ಕಲಿತಲ್ಲಿಗೇ, ಕೂಲಿಗೆ ಹೋಗತೊಡಗಿದ.

ಹೊರದೇಶಗಳ ನಿರ್ಬಂಧ ಸಡಿಲವಾಗಿ ಮಾಲು ಮತ್ತೆ ಬರತೊಡಗಿತೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಒಂದು ಬಗೆಯ ನೆಮ್ಮದಿಯಾಯಿತು. ಹಳದಿ ಪುಡಿಯೂ ಪುತ್ತೂರಿನ ಅಂಗಡಿಗೆ ಬಂತು. ಆ ಶನಿವಾರ ಅತ್ತಿಗೆ ಹಿತ್ತಿಲಲ್ಲಿ ತೆಂಗಿನ ಗರಿ ಸೀಳುತ್ತಿದ್ದಳು. ಅವಳ ಮನಸ್ಸಿಗೆ ಹಗುರವಾದೀತೆಂದು ಹೇಳಿದೆ: “ಈಗ ಹೊರಗಿನ ಬಳೆಯೇ ಬರ್ತಾ ಉಂಟಂತೆ. ಆವತ್ತು ನಮ್ಮದು ಸರಿಯಾಗಿದ್ದರೂ ಹೆಚ್ಚು ಕಾಲ ತೆಗೆದುಕೊಳ್ತಿರಲಿಲ್ಲ, ಅತ್ತಿಗೆ.”

ಅವಳು ಗರಿಯನ್ನು ಕೆಳಗಿಟ್ಟಳು. “ಸ್ವಲ್ಪ ಕಾಲವಾದರೂ ಹಾರ್ತಿತ್ತಲ್ಲ ಮಾಷ್ಟ್ರೆ” ಎಂದಳು.

ಅವಳು ಮುಂದುವರಿಸಿದಳು. “ಆ ದಿನ ರಾತ್ರಿಯೇ ನಾನು ಹೇಳಿದೆ, ನನಗೆ ಗೊತ್ತಾಗಲಿಲ್ಲ, ಚಪ್ಪಲಿಗೆ ಹಚ್ಚಿದ ಹಾಗೆ ಹಚ್ಚಿದೆ ಅಂತ. ‘ಹೋಗ್ಲಿ ಬಿಡು’ ಅಂದರು. ಮಾರನೇ ದಿವಸ ಮತ್ತೆ ಹೇಳಿದೆ, ‘ಒಂದು ಸಲ ಬೈಯಿರಿ’ ಅಂತ. ‘ಎಂತಕ್ಕೆ ಬೈಯುದು?’ ಅಂದರು. ಬೈದಿದ್ದರೆ ನಾನು ಎರಡು ದಿವಸ ಅತ್ತು ಮುಗಿಸ್ತಿದ್ದೆ. ಈಗ ಯಾವಾಗ ಅಳುದು ಅಂತಲೇ ಗೊತ್ತಾಗುದಿಲ್ಲ.”

“ಅಣ್ಣನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ” ಎಂದೆ.

“ಇಲ್ಲ, ಗೊತ್ತುಂಟು. ಮೊದಲು ನನ್ನ ಮಾತಿಗೆ ಎದುರು ಮಾತು ಇರ್ತಿತ್ತು. ಬಜ್ಪೆಯದ್ದು ಹೇಳಿದರೆ ಕೈ ಮುಗಿಯಲಿಲ್ಲ ಅಂತ ಜಗಳಕ್ಕೆ ಬರ್ತಿದ್ದರು. ಮೊನ್ನೆ ನೆಂಟರು ಬಂದಾಗ, ನಗಲಿ ಅಂತ, ಅದನ್ನೇ ಹೇಳಿದೆ. ‘ಹೌದು, ಮುಗಿದದ್ದು’ ಅಂದರು.”

ಅವಳು ಮತ್ತೆ ಗರಿಯನ್ನು ಎತ್ತಿಕೊಂಡಳು. ಸಂಜೆಯ ಬಸ್ಸು ರಸ್ತೆಯಲ್ಲಿ ನಿಂತು ಹೊರಟ ಸದ್ದು ಕೇಳಿತು. ಅಣ್ಣ ಬಂದ, ಟಯರಿನ ಮಸಿ ಮೊಣಕೈಯವರೆಗೆ ಇತ್ತು. ಅತ್ತಿಗೆ ಎದ್ದು ಬಾವಿಕಟ್ಟೆಗೆ ಹೋಗಿ ಸೀಗೆಪುಡಿ ಕೊಟ್ಟು, ಚೆಂಬಿನಿಂದ ನೀರು ಹೊಯ್ದಳು. ಅವನು ಉಜ್ಜಿದ, ಅವಳು ಹೊಯ್ದಳು. ಕೈ ಬೆಳ್ಳಗಾಯಿತೋ ಇಲ್ಲವೋ ಎಂದು ಇಬ್ಬರೂ ಕೇಳಲಿಲ್ಲ, ಹೇಳಲಿಲ್ಲ. ಕೊಡದ ನೀರು ಮುಗಿದಾಗ ಅವನು ಪಕ್ಕಕ್ಕೆ ಸರಿದು ನಿಂತ, ಅವಳು ಇನ್ನೊಂದು ಕೊಡ ಸೇದಲು ಹಗ್ಗವನ್ನು ಇಳಿಬಿಟ್ಟಳು.